ಗ್ಲಾಸಿನ ಬುಡ

ಯಜಮಾನರು ತಾವೇ ಬಾಟಲಿಯ ಬಿರಡೆ ತೆಗೆದು ತಾವೇ ಗ್ಲಾಸಿಗೆ ಸುರಿದಾಗ ರುಚಿಗಾರ ಗಾಬರಿಯಿಂದ ಬಾಗಿಲ ಕಡೆ ನೋಡಿದ. ಆ ಕೆಲಸ ಯಾವತ್ತೂ ಅವನ ತಂಗಿಯದು. ಹೊರದೇಶದ ಬಿಯರ್ ತರಿಸುವ ಆ ಮಳಿಗೆಯಲ್ಲಿ ಅವಳು ಒಳಗಿನ ತೊಟ್ಟಿಯ ಬಳಿ ಗ್ಲಾಸು ತೊಳೆದು, ಸುರಿದು ತಂದಿಡುತ್ತಿದ್ದಳು. ಇವನು ಗುಟುಕರಿಸಿ, ಯಾವುದನ್ನು ತರಿಸಬೇಕು, ಯಾವುದು ಬೇಡ ಎನ್ನುತ್ತಿದ್ದ. ಅವನು ಬೇಡವೆಂದರೆ ಮುಗಿಯಿತು, ಎರಡನೇ ಮಾತಿಲ್ಲ.

ಮಾತೇನೋ ಇವನದು, ಮೂಗು ಮಾತ್ರ ತಂಗಿಯದು. ಹೋದ ವರ್ಷ ಬಂದ ಹಾಳು ಜ್ವರ ಹೋಗುವಾಗ ಇವನ ವಾಸನೆಯ ಅರಿವನ್ನೂ ಹೊತ್ತುಕೊಂಡು ಹೋಗಿತ್ತು. ಹುಳಿ, ಕಹಿ ನಾಲಿಗೆಗೆ ತಿಳಿಯುತ್ತಿತ್ತು, ಅಷ್ಟೆ, ಮಿಕ್ಕಿದ್ದೆಲ್ಲ ಸಪ್ಪೆ. ಬೇರೆ ಕೆಲಸ ಗೊತ್ತಿಲ್ಲ, ಕಲಿಯುವ ವಯಸ್ಸೂ ದಾಟಿದೆ. ಆಗ ತಂಗಿಯೇ ದಾರಿ ಹುಡುಕಿದಳು. ಒಳಗೇ ಮೂಸಿ ನೋಡಿ, ಸರಕು ಚೆನ್ನಾಗಿದ್ದರೆ ಗ್ಲಾಸಿನ ಬುಡ ಒರೆಸಿ ಇಡುವುದು; ಕೆಟ್ಟಿದ್ದರೆ ಒದ್ದೆಯಾಗಿಯೇ ಇಡುವುದು. ಮೇಜಿನ ಮೇಲೆ ನೀರಿನ ಬಳೆ ಮೂಡಿತೆಂದರೆ ಇವನು ಮುಖ ಸಿಂಡರಿಸುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇಬ್ಬರೂ ವರ್ಷ ತಳ್ಳಿದರು.

ಹೋದ ವಾರ ಎಡವಟ್ಟಾಯಿತು. ಒರೆಸುವ ಬಟ್ಟೆ ಕೈಗೆ ಸಿಗದೆ ತಂಗಿ ಅವಸರದಲ್ಲಿ ಗ್ಲಾಸನ್ನು ಹಾಗೇ ತಂದಿಟ್ಟಳು. ಒಳ್ಳೇ ಬಿಯರನ್ನು ಇವನು ಕೆಟ್ಟಿದೆ ಅಂದುಬಿಟ್ಟ. ಯಜಮಾನರು ಅದನ್ನೇ ಕುಡಿದು ನೋಡಿ, ಇವನ ಮುಖವನ್ನೊಮ್ಮೆ ನೋಡಿ ಎದ್ದು ಹೋಗಿದ್ದರು.

ಇವತ್ತಿನದು ರಾಸ್‌ಬೆರಿ ಹಣ್ಣು ಹಾಕಿ ಹುಳಿ ಬರಿಸಿದ ಕೆಂಪು ಬಿಯರು. ತಂಗಿಯನ್ನು ಬಾಗಿಲ ಬಳಿಯೇ ನಿಲ್ಲಿಸಿದ್ದರು. ರುಚಿಗಾರ ಗುಟುಕರಿಸಿದ. ಹುಳಿ ದವಡೆಯನ್ನು ಹಿಂಡಿತು. ಹಣ್ಣು ಎಲ್ಲೂ ಸಿಗಲಿಲ್ಲ. ಇನ್ನೊಂದು ಗುಟುಕಿನಲ್ಲಾದರೂ ಸಿಕ್ಕೀತೆಂದು ಹುಡುಕಿದ. ಅಲ್ಲೂ ಬರೀ ಹುಳಿ.

"ಹಣ್ಣು ಚೆನ್ನಾಗಿ ಬಂದಿದೆ. ತರಿಸಬಹುದು," ಅಂದ.

ಯಜಮಾನರು ಗ್ಲಾಸನ್ನು ತಂಗಿಯ ಕೈಗೆ ಕೊಟ್ಟರು. ಅವಳು ಮೂಸಿದಳು. ಅಣ್ಣನ ಮುಖ ನೋಡಿದಳು. ಹೌದು, ಚೆನ್ನಾಗಿದೆ ಎಂದಳು.

"ನೆಂದ ರಟ್ಟಿನ ವಾಸನೆ ನನಗೇ ಹೊಡೀತಿದೆ ಕಣಮ್ಮ," ಎಂದರು ಯಜಮಾನರು. ದನಿ ಏರಿಸಲಿಲ್ಲ. ಇಬ್ಬರಿಗೂ ತಿಳಿಯದಿದ್ದರೆ ಇಬ್ಬರನ್ನೂ ಇಟ್ಟುಕೊಂಡು ಏನು ಮಾಡಲಿ ಎಂದು ಕೇಳಿದರು.

ರುಚಿಗಾರನಿಗೆ ನಾಚಿಕೆಯಾಯಿತು. ತಾನು ಮುಳುಗುವುದಲ್ಲದೆ ಇವಳನ್ನೂ ಮುಳುಗಿಸುತ್ತಿದ್ದೇನಲ್ಲ ಅನಿಸಿತು.

"ಅವಳಿಗೆ ಗೊತ್ತಾಗಿದೆ ಸಾರ್. ನನಗೋಸ್ಕರ ಸುಳ್ಳು ಹೇಳಿದ್ಳು. ಮೂಗು ಹೋಗಿರೋದು ನನಗೆ. ವರ್ಷದಿಂದ ಅವಳ ಮೂಗಿನಲ್ಲೇ ನಾನು ಅನ್ನ ತಿಂತಿರೋದು."

ಯಜಮಾನರು ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ತಂಗಿಗೆ ಅವನ ಕುರ್ಚಿ ತೋರಿಸಿದರು. ಅವನು ಬೇಕಿದ್ದರೆ ಒಳಗೆ ಗ್ಲಾಸು ತೊಳೆದುಕೊಂಡಿರಬಹುದು ಎಂದರು. ತಂಗಿ ಅಲ್ಲಾಡಲಿಲ್ಲ, ಅದು ಅಣ್ಣನ ಜಾಗ ಎಂದಳು.

"ಕೂತ್ಕೊಳ್ಳೇ," ಎಂದ ಅವನು. "ಇದೂ ಹೋದ್ರೆ ಮನೇಲಿ ಒಲೆ ಹತ್ತಲ್ಲ."

ಎರಡನೇ ಬಾಟಲಿ ಬಂತು. ತೊಟ್ಟಿಯ ಬಳಿ ಅವನು ಗ್ಲಾಸು ತೊಳೆದು ಸುರಿದ. ಅಭ್ಯಾಸಬಲದಿಂದ ಮೂಗಿಗೆ ಹಿಡಿದ. ಏನೂ ಬರಲಿಲ್ಲ. ಬಟ್ಟೆ ತೆಗೆದುಕೊಂಡು ಬುಡ ಒರೆಸಿದ, ಎತ್ತಿ ಕೆಳಗಿನಿಂದ ನೋಡಿದ, ಮತ್ತೆ ಒರೆಸಿದ.

ಅವನು ತಂದಿಟ್ಟ ಗ್ಲಾಸನ್ನು ತಂಗಿ ಮೇಲೆತ್ತಿದಳು. ಮೂಸುವ ಮೊದಲು ಅವಳ ಕಣ್ಣು ಮೇಜಿನ ಮೇಲೆ ಹೋಯಿತು. ಮೇಜು ಒಣಗಿತ್ತು.