ಮೈಕಕ್ಕನ ತಲೆಯ ಚಿತ್ರ

ಹಾರ ಇಡಲು ಬಗ್ಗಿದ ಮೇಷ್ಟ್ರು ಅರ್ಧಕ್ಕೇ ನಿಂತುಬಿಟ್ಟರು. ಶವದ ತಲೆದೆಸೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕ, ಗಾಜು ಹಾಕಿಸಿದ ಚಿತ್ರವೊಂದು ನೇತಾಡುತ್ತಿತ್ತು. ಮೈಕಕ್ಕನ ಮಿದುಳಿನ ಚಿತ್ರ. ಮೇಷ್ಟ್ರೇ ತೆಗೆದು, ಮೇಷ್ಟ್ರೇ ಉಡುಗೊರೆ ಕೊಟ್ಟದ್ದು.

"ಯಾಕ್ ನಿಂತ್ರಿ ಸಾರ್, ಕೂತ್ಕೊಳ್ಳಿ," ಎಂದ ಅವಳ ಗಂಡ. ಕನ್ನಡಕದ ಅಂಗಡಿಯವನು, ಅತ್ತು ಅತ್ತು ಕಣ್ಣು ಊದಿತ್ತು. "ನಿಮ್ಮ ಸುದ್ದಿ ಬರದ ದಿನವೇ ಇರ್ಲಿಲ್ಲ ನಮ್ಮನೇಲಿ."

ಮೇಷ್ಟ್ರು ಕೂತರು. ಹಾರ ಕೈಯಲ್ಲೇ ಉಳಿಯಿತು.

"ಇದ್ದಕ್ಕಿದ್ದಂಗೆ ಬಿದ್ಲಂತಲ್ಲ?" ಪಕ್ಕದ ಮನೆಯಾಕೆ ಕೇಳಿದಳು.

"ಕೆಲಸದಲ್ಲೇ. ತಲೇಲಿ ಗೆಡ್ಡೆಯಂತೆ. ಯಾವಾಗಿಂದ್ಲೋ ಬೆಳೀತಿತ್ತು, ಯಾರ ಕಣ್ಣಿಗೂ ಬಿದ್ದಿಲ್ಲ ಅಂದ್ರು ಆಸ್ಪತ್ರೇಲಿ. ಇವಳ ತಂಗಿಗೋಸ್ಕರ ಕಾಯ್ತಿದ್ದೀವಿ. ಮಿದುಳಿನ ಡಾಕ್ಟ್ರೇ ಅವಳು. ದೂರದೂರು, ಬಂದು ವರ್ಷದ ಮೇಲಾಯ್ತು."

ಮೇಷ್ಟ್ರ ಕಣ್ಣು ಮತ್ತೆ ಗೋಡೆಯ ಚಿತ್ರಕ್ಕೆ ಹೋಯಿತು.

*

ಹಿಂದಿನ ವರ್ಷದ ಮಾತು. ಹೊಸ ಪದ ಕಲಿಯುವಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೆ, ಆಗಾಗ ಶಭಾಷ್ ಅಂದರೆ ಕಲಿಯುವ ಹುಮ್ಮಸ್ಸು ಹೆಚ್ಚುತ್ತದೆಯೇ, ಇದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಮೇಷ್ಟ್ರ ಪ್ರಯೋಗ. ಮಿದುಳಿನ ಚಿತ್ರ ತೆಗೆಯುವ ಸ್ಕ್ಯಾನರ್ ನಡೆಸುವವಳು ಅವಳು. ಒಳಗೆ ಮಲಗಿ ಹೆದರಿದವರಿಗೆ, "ನಾನಿಲ್ಲೇ ಇದ್ದೀನಿ ಕಣ್ರೀ," ಎಂದು ಮೈಕಿನಲ್ಲಿ ಧೈರ್ಯ ಹೇಳುತ್ತಿದ್ದುದರಿಂದ ಎಲ್ಲರಿಗೂ ಮೈಕಕ್ಕ. ಹೊಸ ಪ್ರಯೋಗಕ್ಕೆ ಮೊದಲು ಎಲ್ಲ ಸರಿಯಿದೆಯೇ ನೋಡಲು ಅಲ್ಲಿಯವರೇ ಒಬ್ಬರು ಮಲಗಬೇಕು. ಆ ಸಲ ಅವಳು ಮಲಗಿದಳು. ಮೈಕ್ ಮೇಷ್ಟ್ರ ಕೈಗೆ ಬಂತು.

ಎಲ್ಲೂ ಇಲ್ಲದ ಭಾಷೆಯ ಪದಗಳು ಅವಳ ಕಣ್ಣೆದುರು ಒಂದೊಂದಾಗಿ ಬಂದವು.

"ಶಭಾಷ್ ಅನ್ನೋಕೆ ಜಿಪುಣತನ ಮಾಡ್ಬೇಡಿ ಮೇಷ್ಟ್ರೇ!"

"ತಲೆ ಅಲ್ಲಾಡಿಸ್ಬೇಡ ಮಾರಾಯ್ತಿ!"

ಮೇಷ್ಟ್ರ ಮುಂದಿನ ತೆರೆಯಲ್ಲಿ ಮಾತಿನ ಜಾಗ ಬೆಳಗಿತು, ಹುಮ್ಮಸ್ಸಿನ ಜಾಗವೂ ಬೆಳಗಿತು. ಮೇಷ್ಟ್ರಿಗೆ ಬೇಕಿದ್ದುದು ಅಷ್ಟೇ, ನೋಡಿದ್ದೂ ಅಷ್ಟೇ. ಯಂತ್ರದ ಪರೀಕ್ಷೆಗೆಂದು ತೆಗೆದ ಚಿತ್ರ ಡಾಕ್ಟರ ಬಳಿ ಹೋಗುವ ಪದ್ಧತಿಯೂ ಇರಲಿಲ್ಲ.

"ಹೇಗಿದೆ ನನ್ನ ತಲೆ?"

"ಫಸ್ಟ್ ಕ್ಲಾಸ್!" ಎಂದು ಒಂದು ಪ್ರತಿ ತೆಗೆದು ಕೊಟ್ಟರು.

"ಇವಳ ತಲೇಲಿ ಏನೂ ಇಲ್ಲ ಅಂತಾರೆ ನಮ್ಮನೆಯವ್ರು. ತೋರಿಸ್ತೀನಿ ಇರಿ!"

ಮೊನ್ನೆ ಅವಳು ಬಿದ್ದ ಮೇಲೆ ಮೇಷ್ಟ್ರು ಕಂಪ್ಯೂಟರಿನಲ್ಲಿ ಆ ಚಿತ್ರವನ್ನು ಮತ್ತೆ ತೆಗೆದು ನೋಡಿದರು. ಹಿಂಬದಿಯ ಅಂಚಿನಲ್ಲಿ ಕಡಲೆಬೀಜದಷ್ಟು ಬಿಳಿ ಕಲೆ. ಅಯ್ಯೋ, ಕಣ್ಣಿಗೆ ಹೊಡೆಯುವಂತೆ ಇತ್ತು!

*

ಹೊರಗೆ ಕಾರಿನ ಬಾಗಿಲು ಬಡಿಯಿತು. ತಂಗಿ ಓಡಿಬಂದು ಅಕ್ಕನ ಕಾಲು ತಬ್ಬಿಕೊಂಡು ಗೋಳೋ ಎಂದು ಅತ್ತಳು.

ಎದ್ದು ಹೋಗಿಬಿಡೋಣವೆಂದು ಮೇಷ್ಟ್ರು ಬಾಗಿಲತ್ತ ನೋಡಿದರು. ಹೇಳಿಬಿಡೋಣವೆಂದು ತಂಗಿಯತ್ತ ತಿರುಗಿ, ಮತ್ತೆ ತಲೆ ತಗ್ಗಿಸಿದರು. ಕೆಲಸ ಹೋದೀತೆಂಬ ಭಯವಲ್ಲ ಇದು, ಎಂದು ತಮಗೆ ತಾವೇ ಹೇಳಿಕೊಂಡರು. ನಿಜಕ್ಕೂ ಅದೇ ಭಯ.

"ಇದೂ ಅವಳ ಜೊತೆಗೇ ಹೋಗ್ಲಿ," ಎಂದು ಗಂಡ ಗೋಡೆಯ ಚಿತ್ರ ಇಳಿಸಿದ.

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ಹೌದ್ಹೌದು, ಹೋಗ್ಲಿ!" ಎಂದರು, ಸಾವಿನ ಮನೆಗೆ ಒಪ್ಪದಷ್ಟು ಜೋರಾಗಿ. ಪಕ್ಕದ ಮನೆಯಾಕೆ ತಿರುಗಿ ನೋಡಿದಳು.

ಗಂಡ ಜೇಬಿನಿಂದ ಕನ್ನಡಕ ಒರೆಸುವ ಬಟ್ಟೆ ತೆಗೆದ. ಗಾಜಿಗೆ ಉಸಿರೂದಿ ಒರೆಸಿದ. ಮತ್ತೆ ಊದಿದ, ಮತ್ತೆ ಒರೆಸಿದ.

"ಏನ್ ಮಾಡ್ತಿದ್ದೀರಾ ಭಾವ?" ತಂಗಿ ಬಿಕ್ಕುತ್ತಲೇ ಹತ್ತಿರ ಬಂದಳು.

"ಇಲ್ಲೊಂದು ಬಿಳಿ ಕಲೆ ನೋಡಮ್ಮ. ವರ್ಷದಿಂದ ಒರೆಸ್ತಾ ಇದ್ದೀನಿ, ಹೋಗ್ತಾನೇ ಇಲ್ಲ."

ತಂಗಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವಳ ಬಿಕ್ಕು ನಿಂತುಹೋಯಿತು. ಗಂಡ ಮಾತ್ರ, ಅವಳೂ ಒಮ್ಮೆ ಒರೆಸಿ ನೋಡಲಿ ಎಂದು, ಬಟ್ಟೆಯನ್ನು ಅವಳತ್ತ ಚಾಚಿಕೊಂಡು ನಿಂತಿದ್ದ.