ಅಂಟಿಲ್ಲದ ಕೋಲು

ಆ ಡಬಲ್ ಬೇಸನ್ನು ಕೆಡಿಸಿದವನು ನಾನೇ. ಹಾಗಂತ ಸುಹಾಸನ ಬಾಯಿಂದ ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ನನಗಿರಲಿಲ್ಲ.

ಆಳೆತ್ತರದ ಪಿಟೀಲು ಅಂದುಕೊಳ್ಳಿ, ನಿಂತೇ ಬಾರಿಸಬೇಕು. ಹೊನ್ನಾವರದ ವಿನುತಾ ಅದನ್ನೂ ಒಂದು ಜೊತೆ ಹೊಸ ತಂತಿಯನ್ನೂ ತೆಂಗಿನಗುಂಡಿಗೆ, ನಾನು ದೋಣಿ ಕಟ್ಟುವ ಶೆಡ್ಡಿಗೆ ತಂದಿದ್ದಳು. ಪಕ್ಕದ ಹಲಗೆ ಸೀಳು ಬಿಟ್ಟಿತ್ತು, ಮುಚ್ಚಬೇಕಿತ್ತು. ನಾಲ್ಕೂ ತಂತಿ ಒಮ್ಮೆಗೇ ಬಿಚ್ಚಿದೆ. ಒಳಗೆ ಟಕ್ಕೆಂದು ಏನೋ ಬಿತ್ತು. ಎದೆಹಲಗೆಯ ಕಂಡಿಯಿಂದ ನೋಡಿದರೆ ಗೇಣುದ್ದದ ಕೋಲು. ದೋಣಿಯಲ್ಲಿ ಮರ ಸಡಿಲವಿದ್ದರೆ ಮುಳುಗಿದಂತೆಯೇ. ಅದನ್ನು ಎಬ್ಬಿಸಿ ನಿಲ್ಲಿಸಿ, ಎರಡೂ ತುದಿಗೆ ದೋಣಿಯ ಅಂಟು ಮೆತ್ತಿ, ಸೀಳನ್ನೂ ಮುಚ್ಚಿ, ಹೊಸ ಉಕ್ಕಿನ ತಂತಿ ಬಿಗಿದೆ.

ಮರುದಿನ ಬೆಳಿಗ್ಗೆ ವಿನುತಾ ಬಂದು ಮೀಟಿದಳು. ಒದ್ದೆ ಗೋಣಿಗೆ ಗುದ್ದಿದ ಹಾಗೆ ಕೇಳಿತು. ಸಂಜೆ ಐದಕ್ಕೆ ಕುಮಟಾದಲ್ಲಿ ಅವಳ ಮೊದಲ ಕಚೇರಿ. ಜೊತೆಗೆ ಬಂದಿದ್ದ, ಅವಳ ತಂಡದಲ್ಲಿ ಕೀಬೋರ್ಡ್ ಬಾರಿಸುವ ಸುಹಾಸ ನಕ್ಕ.

“ಎಂಟನೇ ಕ್ಲಾಸು ಬಿಟ್ಟವನ ಕೈಗೆ ಕೊಟ್ರೆ ಮತ್ತೆ ಎಂತ ಆಗ್ತದೆ? ನನ್ನ ಕೀಬೋರ್ಡ್‌ನಲ್ಲೇ ಬೇಸ್ ಬಾರಿಸ್ತೆ. ನೀ ಕೂತ್ಕಂಡು ನೋಡು, ವಿನುತಾ.”

ಅವಳ ಮುಖ ಸಣ್ಣದಾಯಿತು. ನನಗೆ ಮೈಯೆಲ್ಲ ಉರಿಯಿತು.

“ನಿನ್ನ ಪೆಟ್ಟಿಗೆ ಬಿಚ್ಚಬೇಡ. ಮಧ್ಯಾಹ್ನದವರೆಗೆ ಟೈಮ್ ಕೊಡಾ!” ಎಂದು ಕಿರುಚಿದೆ. “ವಿನುತಕ್ಕಾ, ಒಳಗಿನ ಕೋಲು ಎಂತಕ್ಕೆ?”

“ಅದಕ್ಕೆ ಅಂಟು ಹಾಕಿದ್ಯಾ? ಅಯ್ಯೋ ಮಾರಾಯಾ! ತಂತಿ ಎದೆಹಲಗೆಯನ್ನ ಒತ್ತಬೇಕು, ಆ ಒತ್ತಿಗೇ ಕೋಲು ನಿಲ್ಲಬೇಕು. ಮೇಲಿನ ನಡುಕ ಬೆನ್ನಿಗೆ ಹೋಗೂದು ಅದರಿಂದ್ಲೇ.”

ಥೂ! ನಡುಗಬೇಕಾದ್ದನ್ನೇ ನಾನು ಕಟ್ಟಿಹಾಕಿದ್ದೆ.

ತಂತಿ ಸಡಿಲಿಸಿ, ತಂತಿಯನ್ನು ಎತ್ತಿ ಹಿಡಿಯುವ ಕುದುರೆ ತೆಗೆದು, ಕಂಡಿಯೊಳಗೆ ತೂರಿಸಿದ ಬಗ್ಗಿಸಿದ ಕಬ್ಬಿಣದ ಸರಿಗೆಯಿಂದ ಕೋಲನ್ನು ಹೊಡೆದುರುಳಿಸಿದೆ. ಅದು ಎರಡು ತುಂಡಾಯಿತು. ಅಂಟನ್ನು ಕೆರೆದು ತೆಗೆದೆ. ಎಂಜಿನ್ ಬಂದಿದ್ದ ಪೆಟ್ಟಿಗೆಯ ದೇವದಾರು ಪಟ್ಟಿಯಿಂದ ಹೊಸ ಕೋಲು ಕೆತ್ತಿದೆ. ತುದಿಗಳು ಹಲಗೆಯ ಬಾಗಿಗೆ ಸರಿಯಾಗಿ ಕೂರಬೇಕು, ಆ ಲೆಕ್ಕ ದೋಣಿಯ ಮರಕ್ಕೂ ಇದೆ. ಅದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾಲ್ಕು ಸಲ ಬಿತ್ತು. ಐದನೇ ಸಲ ಸಣ್ಣ ತಂತಿಯ ಕಡೆ, ಕುದುರೆಯ ಕಾಲು ಬರುವ ಜಾಗದ ಹಿಂದೆ ನಿಂತಿತು. ಕುದುರೆ ಕೂರಿಸಿ ಅದೇ ತಂತಿ ಮತ್ತೆ ಬಿಗಿದೆ.

ಮೀಟಿದಳು. ದನಿ ಬಂತು, ಆದರೆ ಗಂಟಲು ಹಿಡಿದಂತೆ. ಹಲಗೆಯ ಮೇಲೆ ಅಂಗೈ ಇಟ್ಟೆ.

“ಈ ಹೊಸ ತಂತಿ ಜಾಸ್ತಿ ಎಳೀತದೆ. ಹಲಗೆಗೆ ಉಸಿರಿಲ್ಲ. ಬಿಚ್ಚಿಟ್ಟ ಹಳೇ ಮೆತ್ತನೆ ತಂತಿಯೇ ಹಾಕ್ತೆ.”

ಈ ಸಲ ಒಂದೊಂದಾಗಿಯೇ ಬದಲಾಯಿಸಿದೆ. ಕೋಲನ್ನು ಕೂದಲೆಳೆಯಷ್ಟು ಕುದುರೆಯ ಕಡೆ ತಟ್ಟಿದೆ. ವಿನುತಾ ದಪ್ಪ ತಂತಿಯನ್ನು ಬೆರಳಿಂದ ಎಳೆದು ಬಿಟ್ಟಳು.

ಅಬ್ಬಾ! ದನಿ ಮೊದಲು ಬಂದದ್ದು ಕಾಲಿಗೆ. ಆಮೇಲೆ ಹೊಟ್ಟೆಗೆ. ಮೇಜಿನ ಮೇಲಿದ್ದ ಮೊಳೆಗಳು ಗಿಲಿಗಿಲಿ ಎಂದವು. ವಿನುತಾ ನಗುತ್ತಲೇ ಇನ್ನೊಮ್ಮೆ ಎಳೆದಳು, ಮತ್ತೊಮ್ಮೆ, ನಿಲ್ಲಿಸಲೇ ಇಲ್ಲ.

ಸುಹಾಸ ಕೀಬೋರ್ಡಿನ ಚೀಲವನ್ನು ಬಿಚ್ಚದೆಯೇ ವ್ಯಾನಿನಲ್ಲಿಟ್ಟು ಬಂದ.

“ಆತಾ? ಇನ್ನು ಆ ಕಡೆ ಹಿಡಿ, ವ್ಯಾನಿಗೆ ಹಾಕ್ವಾ” ಎಂದೆ. “ಮೆಲ್ಲ ಹಿಡಿಯಾ! ಒಳಗಿರೂದಕ್ಕೆ ಅಂಟಿಲ್ಲ.”