ಸೊನ್ನೆ ಪಾಯಿಂಟ್ ಎಂಟಕ್ಕೆ ಇಳಿದ ಮಧ್ಯಾಹ್ನ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ವೇಗ 0.8 ಗಿಗಾಹರ್ಟ್ಸ್‌ಗೆ ಇಳಿದು ಅಲ್ಲೇ ನಿಂತಿತು. ಅರ್ಜಿ ಸಲ್ಲಿಸಲು ಗಡುವು ಅದೇ ದಿನ ಸಂಜೆ ಐದೂವರೆ.

ನಾನು ಒಂದು ಕಂಪ್ಯೂಟರಿನ ಪ್ರೊಸೆಸರ್. ಚಿಕ್ಕ ಚೌಕ ಬಿಸ್ಕತ್ತಿನಷ್ಟು ಗಾತ್ರ. ಮರಳಿನಿಂದ ತೆಗೆದ ಸಿಲಿಕಾನ್ ನನ್ನ ಮೈ. ಧೂಳಿನ ಕಣವೂ ಒಳಗೆ ಬಾರದಂತೆ ಗಾಳಿ ಸೋಸುವ ಕಾರ್ಖಾನೆಯಲ್ಲಿ ಹುಟ್ಟಿದೆ. ಅಲ್ಲಿನ ಕೆಲಸಗಾರರು ಕಣ್ಣು ಮಾತ್ರ ಕಾಣುವಂತೆ ಬಿಳಿ ಬಟ್ಟೆ ತೊಟ್ಟಿರುತ್ತಿದ್ದರು. ನನ್ನ ಮೇಲೆ ಬರೆದ ಅಂಕಿ 3.2. ಅಂದರೆ ಸೆಕೆಂಡಿಗೆ ಮುನ್ನೂರ ಇಪ್ಪತ್ತು ಕೋಟಿ ಬಡಿತ. ಕೆಲಸವಿಲ್ಲದಾಗ ನಾನಾಗಿಯೇ 0.8ಕ್ಕೆ ಇಳಿದು ದಣಿವಾರಿಸಿಕೊಳ್ಳುತ್ತೇನೆ, ಕೆಲಸ ಬಂದ ಕೂಡಲೇ ಏರುತ್ತೇನೆ. ಹುಟ್ಟುವಾಗಲೇ ಇನ್ನೊಂದು ಕಟ್ಟಳೆಯನ್ನೂ ಹಾಕಿದ್ದರು: ಮೈಯ ಬಿಸಿ ನೂರು ಡಿಗ್ರಿ ಮುಟ್ಟಿದರೆ, ಎಷ್ಟೇ ಕೆಲಸವಿರಲಿ, ವೇಗ ಇಳಿಸಬೇಕು. ಇಳಿಸದಿದ್ದರೆ ನಾನು ಸುಟ್ಟುಹೋಗುತ್ತೇನೆ.

ಮೊದಲ ಆರು ವರ್ಷ ಬಾಗಲಕೋಟೆಯ ಕಾಲೇಜೊಂದರ ಲ್ಯಾಬಿನಲ್ಲಿ ಕಳೆದೆ. ಎಸಿ ಕೋಣೆ, ಚಪ್ಪಲಿ ಬಾಗಿಲ ಹೊರಗೆ. ಮೇಜಿನ ಕೆಳಗಿದ್ದ ನನಗೆ ವಿದ್ಯಾರ್ಥಿಗಳ ಮೊಣಕಾಲು ಮಾತ್ರ ಕಾಣುತ್ತಿತ್ತು. ಪರೀಕ್ಷೆಯ ದಿನ ಆ ಮೊಣಕಾಲುಗಳು ಅಲುಗಾಡುತ್ತಿದ್ದವು. ಕಾಲೇಜಿಗೆ ಹೊಸ ಯಂತ್ರಗಳು ಬಂದಾಗ ಹಳೆಯ ಮೂವತ್ತನ್ನು ಒಟ್ಟಿಗೆ ಮಾರಿದರು. ಇಳಕಲ್ಲಿನ ರಿಪೇರಿಯವನು ಬಸಲಿಂಗ ಎಂಬಾತ ಕೊಂಡು, ನನ್ನನ್ನು ಹುನಗುಂದದ ನೀಲಮ್ಮ ಕುಂಟೋಜಿಯವರಿಗೆ ಕೊಟ್ಟ.

ನೀಲಮ್ಮನವರಿಗೆ ಆಗ ಐವತ್ನಾಲ್ಕು. ತಹಸೀಲ್ದಾರ್ ಕಚೇರಿಯ ಎದುರಿನ ಸಾಲಿನಲ್ಲಿ ಅವರ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅದೇ ಜಾಗದಲ್ಲಿ ಟೈಪ್‌ರೈಟಿಂಗ್ ಕಲಿಸಿದ್ದರು. ಅನ್ನ ಕೊಡುವ ಯಂತ್ರಕ್ಕೆ ಕಾಲು ತಾಗಬಾರದೆಂದು ನನ್ನ ಪೆಟ್ಟಿಗೆಯನ್ನು ಊಟದ ಮಣೆಯ ಮೇಲಿಟ್ಟರು. ದಿನಾ ಬೆಳಿಗ್ಗೆ ಬಾಗಿಲು ತೆರೆದು, ನೀರು ಚಿಮುಕಿಸಿ, ನನ್ನ ಹಣೆಗೆ ವಿಭೂತಿ ಹಚ್ಚುವರು. ಆಮೇಲೆ ಬಗ್ಗಿ, ಪೆಟ್ಟಿಗೆಯ ಮುಂದಿನ ಜಾಲರಿಯ ತೂತುಗಳಲ್ಲಿ ಮೂರು ಊದಿನಕಡ್ಡಿ ಸಿಕ್ಕಿಸುವರು. ಟೈಪ್‌ರೈಟರಿನ ಕಾಲದಿಂದಲೂ ಅವರ ರೂಢಿ ಅದು.

ಟೈಪ್‌ರೈಟರ್ ಉಸಿರಾಡುವುದಿಲ್ಲ. ನಾನು ಉಸಿರಾಡುತ್ತೇನೆ. ಆ ಜಾಲರಿಯೇ ನನ್ನ ಮೂಗು. ಅಲ್ಲಿಂದ ಒಳಗೆ ಬಂದ ಗಾಳಿ ನನ್ನ ನೆತ್ತಿಯ ಮೇಲಿರುವ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಹಾದು ಬಿಸಿಯನ್ನು ಹೊತ್ತೊಯ್ಯಬೇಕು. ಊದಿನಕಡ್ಡಿಯ ಬೂದಿ, ಜಿಗುಟಾದ ಹೊಗೆ, ರಸ್ತೆಯ ಧೂಳು ಮೂರೂ ಸೇರಿ ಆ ಹಲ್ಲುಗಳ ಸಂದಿ ತುಂಬತೊಡಗಿದವು. ನಾಲ್ಕನೇ ತಿಂಗಳಿಗೆ ನನ್ನ ವೇಗ ತಗ್ಗಲು ಶುರುವಾಯಿತು.

ನೀಲಮ್ಮನವರು ಕಡ್ಡಿಗಳನ್ನು ಐದಕ್ಕೆ ಏರಿಸಿದರು. ಸೋಮವಾರ ಧೂಪವೂ ಬಂತು. ಯಾರದೋ ದೃಷ್ಟಿ ತಾಗಿದೆಯೆಂದು ಅಮಾವಾಸ್ಯೆಯ ದಿನ ನಿಂಬೆಹಣ್ಣು ನೀವಾಳಿಸಿದರು. ನಾನು ಇನ್ನಷ್ಟು ನಿಧಾನವಾದೆ.

ಬಸಲಿಂಗ ಮೂರು ಸಲ ಬಂದ. ಮೂರೂ ಸಲ ಬೆಳಿಗ್ಗೆ ಹತ್ತಕ್ಕೆ. ರಾತ್ರಿಯಿಡೀ ಆರಿ ತಣ್ಣಗಾಗಿದ್ದ ನಾನು ಅವನೆದುರು ಪರದೆಯ ಮೇಲೆ ಸರಿಯಾಗಿ 3.2 ತೋರಿಸಿದೆ. ಆದರೂ ಬಂದದ್ದಕ್ಕೆ ಮೊದಲ ಸಲ ಫ್ಯಾನಿನ ಕೆಳಗೆ ನೋಡದೆ ರ್‍ಯಾಮ್ ಹೆಚ್ಚಿಸಿದ, ಎರಡನೇ ಸಲ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದ, ಮೂರನೇ ಸಲ ಪವರ್ ಸೆಟ್ಟಿಂಗ್ ತೆರೆದು ಎಲ್ಲವನ್ನೂ ನೂರಕ್ಕೆ ನೂರು ಮಾಡಿದ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಕತೆ. "ಪ್ರೊಸೆಸರಿಗೆ ವಯಸ್ಸಾಗೇತ್ರಿ ಅಕ್ಕಾರ, ಮನಿಷಾಗ ಆದಂಗ" ಅಂದ. ನನ್ನ ಬಿಸಿ ಎಷ್ಟೆಂದು ಕೇಳಿದ್ದರೆ ನಾನು ಹೇಳುತ್ತಿದ್ದೆ. ಆ ಅಂಕಿಯನ್ನು ಯಾರೂ ಕೇಳಲಿಲ್ಲ.

ಮೇ ತಿಂಗಳ ಆ ದಿನ ಮಾಬೂಬಿ ನದಾಫ್ ಅಂಗಡಿಗೆ ಬಂದದ್ದು ಎರಡು ಗಂಟೆಗೆ. ಬಸ್ ಸ್ಟ್ಯಾಂಡ್ ಹಿಂದೆ ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆಯ ಸೊಸೆ. ಪಿಯುಸಿ ಪಾಸಾದವಳು. ಮನೆಯ ಹತ್ತಿರದ ಅಂಗನವಾಡಿಯಲ್ಲಿ ಕಾರ್ಯಕರ್ತೆಯ ಹುದ್ದೆ ಖಾಲಿಯಿತ್ತು. ವಯೋಮಿತಿ ಮೂವತ್ತೈದು. ಆಕೆಗೆ ಮುಂದಿನ ತಿಂಗಳು ಒಂಬತ್ತಕ್ಕೆ ಮೂವತ್ತೈದು ತುಂಬುತ್ತಿತ್ತು. ಮುಂದಿನ ಸಲ ಎಂಬುದು ಆಕೆಗಿರಲಿಲ್ಲ. ಹಿಂದಿನ ದಿನ ಬಂದು ಅರ್ಧಕ್ಕೇ ಮರಳಿದ್ದಳು. ಇವತ್ತು ಬೆಳಿಗ್ಗೆ ಇನ್ನೊಂದು ಸೆಂಟರಿಗೆ ಹೋದರೆ ಅಲ್ಲಿ ನಲವತ್ತು ಜನ ಸಾಲಿನಲ್ಲಿದ್ದರಂತೆ.

ಫೋಟೊ, ಸಹಿ, ಅಂಕಪಟ್ಟಿ ಎಲ್ಲ ಏರಿಸುವಷ್ಟರಲ್ಲಿ ನಾನು 0.8ಕ್ಕೆ ಇಳಿದಿದ್ದೆ. ಕೊನೆಗೆ ಉಳಿದದ್ದು ಮೊಬೈಲಿಗೆ ಬರುವ ಒಟಿಪಿ. ಅದರ ಆಯುಷ್ಯ ಮೂರು ನಿಮಿಷ. ಅಂಕಿ ತುಂಬುವ ಪುಟವನ್ನು ತೆರೆಯಲು ನನಗೆ ಬೇಕಾದದ್ದು ನಾಲ್ಕು ನಿಮಿಷ.

"ಸರ್ವರ್ ಬಿಜಿ ಐತಿ," ಅಂದರು ನೀಲಮ್ಮ. "ಕೊನೀ ದಿನ ಅಲ್ಲೇನವ್ವಾ, ಎಲ್ಲಾರೂ ಒಮ್ಮೆಲೆ ಕುಂತಾರ."

"ನಿನ್ನಿನೂ ಹಂಗ ಅಂದ್ರಿ ಅಕ್ಕಾರ."

"ನಿನ್ನಿ ಕೊನೀ ದಿನದ ಹಿಂದಿನ ದಿನ."

ಹೊಲ ತನ್ನ ಹೆಸರಿಗಾಗಲು ವಾರಸಾ ಅರ್ಜಿ ಟೈಪ್ ಮಾಡಿಸಲು ಬಂದು ಬೆಂಚಿನ ಮೇಲೆ ಕೂತಿದ್ದ ಮುದುಕ ದ್ಯಾಮಣ್ಣ ನಕ್ಕ. ಮಾಬೂಬಿ ನಗಲಿಲ್ಲ.

ಮೂರು ಒಟಿಪಿ ಸತ್ತವು. ನಾಲ್ಕು ಗಂಟೆ ಐದು ನಿಮಿಷಕ್ಕೆ ಪರದೆಯ ಮೇಲೆ ಸಾಲೊಂದು ಬಂತು: ಅರ್ಧ ಗಂಟೆಯ ನಂತರ ಪ್ರಯತ್ನಿಸಿ. ನೀಲಮ್ಮ ಬಸಲಿಂಗನಿಗೆ ಫೋನ್ ಹಚ್ಚಿದರು. "ಪ್ರೊಸೆಸರ್ ಚೇಂಜ್ ಮಾಡೂದ ರೀ ಅಕ್ಕಾರ, ನಾಳಿ ಬರ್ತೀನಿ" ಅಂದ.

"ನಾಳಿ ಬಂದು ಏನ್ ಮಾಡ್ತಿ?" ಎಂದು ಇವರು ಫೋನಿಟ್ಟರು.

ಮಾಬೂಬಿ ನೆಲಕ್ಕೆ ಕೂತುಬಿಟ್ಟಳು. ಆಧಾರಕ್ಕೆಂದು ಚಾಚಿದ ಕೈ ನನ್ನ ಪೆಟ್ಟಿಗೆಯ ಮಗ್ಗುಲಿಗೆ ತಾಗಿತು. ಆಕೆ ಕೈ ತೆಗೆಯಲಿಲ್ಲ, ಅಂಗೈ ಅಗಲಿಸಿ ಒತ್ತಿದಳು. ಜ್ವರ ನೋಡುವವರು ಹಾಗೆ ಕೈಯಿಡುತ್ತಾರೆ.

"ಅಕ್ಕಾರ, ಇದು ಕಾದೈತ್ರಿ."

"ಮಷೀನ್ ಅಂದ ಮ್ಯಾಲ ಕಾಯ್ತೈತಿ."

"ಹಿಂಗ ಕಾಯೂದಿಲ್ಲ. ನಮ್ಮ ಹತ್ತಿ ಮಷೀನಿನ ಮೋಟಾರಿನ್ಯಾಗ ಹಿಂಜಿದ ಅರಳಿ ಸಿಕ್ಕಿ ಕಟ್ಟಿದ್ರ ಹಿಂಗ ಕಾದು ನಿಂದರ್ತೈತಿ. ಬಿಚ್ಚಿ ನೋಡೂಣ್ರಿ."

"ಬಿಚ್ಚಿದ ಮ್ಯಾಲ ಚಾಲೂ ಆಗಲಿಲ್ಲಂದ್ರ?"

"ಈಗ ಚಾಲೂ ಇದ್ದು ಏನ್ ಮಾಡಾಕತ್ತೈತ್ರಿ?"

ನೀಲಮ್ಮ ಗೋಡೆಯ ಗಡಿಯಾರ ನೋಡಿದರು. ಆಮೇಲೆ ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದುಕೊಟ್ಟರು.

ನಾಲ್ಕು ಗಂಟೆ ಹದಿನಾಲ್ಕು ನಿಮಿಷಕ್ಕೆ ಪೆಟ್ಟಿಗೆಯ ಮಗ್ಗುಲು ತೆರೆಯಿತು. ಮಾಬೂಬಿ ನನ್ನ ಮೇಲಿನ ಫ್ಯಾನಿನ ನಾಲ್ಕು ಸ್ಕ್ರೂ ಸಡಿಲಿಸಿ ಅದನ್ನು ಎತ್ತಿದಳು. ಕೆಳಗೆ ಹಲ್ಲುಗಳೇ ಕಾಣಲಿಲ್ಲ. ಬೂದು ಬಣ್ಣದ ದಪ್ಪನೆಯ ಪದರವೊಂದು ಅವುಗಳನ್ನು ಮುಚ್ಚಿತ್ತು. ಆಕೆ ಎರಡು ಬೆರಳಲ್ಲಿ ಹಿಡಿದು ಎಳೆದಾಗ ಅದು ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದು ಬಂತು. ಮೂಸಿ ನೋಡಿದಳು.

"ಅರಳಿ ಅಲ್ಲ ಇದು," ಅಂದಳು. "ಊದಿನಕಡ್ಡಿ."

ನೀಲಮ್ಮನವರ ಕಣ್ಣು ಮುಂದಿನ ಜಾಲರಿಗೆ ಹೋಯಿತು. ಐದು ತೂತುಗಳ ಅಂಚು ಸುಟ್ಟು ಕಪ್ಪಾಗಿತ್ತು.

"ಹನ್ನೊಂದು ತಿಂಗಳು," ಅಂದರು ಅವರು. "ಹನ್ನೊಂದು ತಿಂಗಳು ನಾನ ಇದರ ಮೂಗಿಗೆ ಹೊಗಿ ಹಾಕೀನಿ. ನಿಂತಂಗೆಲ್ಲಾ ಇನ್ನೊಂದೀಟು ಹಾಕೀನಿ."

"ಹೋಗ್ಲಿ ಬಿಡವ್ವಾ," ಅಂದ ದ್ಯಾಮಣ್ಣ. "ದೇವರಿಗೂ ಕೆಮ್ಮು ಬರ್ತಿದ್ದೀತು. ಪಾಪ, ಹೇಳಾಂಗಿಲ್ಲ ಅಷ್ಟ."

ಆಗ ಮಾಬೂಬಿಯೂ ನಕ್ಕಳು. ನೀಲಮ್ಮ ಮಾತ್ರ ತುಟಿ ಬಿಗಿಹಿಡಿದು ಹಿಂದಿನ ಕಪಾಟಿಗೆ ಹೋಗಿ, ಟೈಪ್‌ರೈಟರಿನ ಅಚ್ಚು ಒರೆಸುತ್ತಿದ್ದ ಗಟ್ಟಿ ಕೂದಲಿನ ಬ್ರಷ್ ಹುಡುಕಿ ತಂದರು. ಅದನ್ನು ಬೇರೆಯವರ ಕೈಗೆ ಕೊಡಲಿಲ್ಲ. ಮಂಡಿಯೂರಿ ಕೂತು, ಕನ್ನಡಕ ಮೂಗಿನ ತುದಿಗೆ ಜಾರಿಸಿ, ಒಂದೊಂದು ಹಲ್ಲಿನ ಸಂದಿಯನ್ನೂ ತಾವೇ ತೀಡಿದರು. ಅಷ್ಟು ದಿನ ಅವರ ಬಾಗಿದ ತಲೆಯನ್ನು ಮಾತ್ರ ಕಂಡಿದ್ದ ನಾನು ಮೊದಲ ಬಾರಿಗೆ ಅವರ ಮುಖವನ್ನು ಹತ್ತಿರದಿಂದ ಕಂಡೆ. ತಪ್ಪು ಮಾಡಿದವರ ಮುಖವಾಗಿರಲಿಲ್ಲ ಅದು, ತಪ್ಪನ್ನು ಅಕ್ಷರ ಅಕ್ಷರ ಓದಿಕೊಳ್ಳುತ್ತಿದ್ದವರ ಮುಖ. ಮಾಬೂಬಿ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿಟ್ಟು ಒರೆಸಿದಳು. ಗಡಿಯಾರ ನೋಡುವ ಕೆಲಸವನ್ನು ದ್ಯಾಮಣ್ಣ ವಹಿಸಿಕೊಂಡ. "ಇಪ್ಪತ್ತೆಂಟು... ಮೂವತ್ತು... ಲಗೂ ಮಾಡ್ರಿ."

ನಾಲ್ಕು ಮೂವತ್ತೆಂಟಕ್ಕೆ ಮತ್ತೆ ವಿದ್ಯುತ್ ಹರಿಯಿತು. ಗಾಳಿ ನೆತ್ತಿಯ ಮೇಲೆ ಹಾದುಹೋದದ್ದು ನನಗೆ ತಿಳಿಯಿತು. ನಾನು 3.2ಕ್ಕೆ ಏರಿದೆ. ಬಿಸಿ ಅರವತ್ತೊಂದರ ಮೇಲೆ ಹೋಗಲಿಲ್ಲ. ನಾಲ್ಕನೇ ಒಟಿಪಿ ಬಂತು. ಮಾಬೂಬಿ ಒಂದೊಂದೇ ಅಂಕಿ ಓದಿದಳು, ನೀಲಮ್ಮ ಒತ್ತಿದರು. ನಲವತ್ತೇಳು ಸೆಕೆಂಡಿನಲ್ಲಿ ಮುಗಿಯಿತು. ನಾಲ್ಕು ಐವತ್ತೆರಡಕ್ಕೆ ಅರ್ಜಿ ಸಂಖ್ಯೆ ಪರದೆಯ ಮೇಲೆ ಮೂಡಿತು. ಮಾಬೂಬಿ ಅದನ್ನು ಎರಡು ಸಲ ಓದಿ, ಪ್ರಿಂಟ್ ಆದ ಹಾಳೆಯನ್ನು ಮಡಚದೆ ಎದೆಗೊತ್ತಿ ಹಿಡಿದುಕೊಂಡು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ನೀಲಮ್ಮ ಕಡ್ಡಿ ಹೊತ್ತಿಸಿ, ರೂಢಿಯಂತೆ ಜಾಲರಿಯತ್ತ ಬಗ್ಗಿದವರು ಮತ್ತೆ ಎದ್ದರು. ಆಮೇಲೆ ಬಾಗಿಲಾಚೆಯ ತುಳಸಿ ಕುಂಡದ ಮಣ್ಣಿಗೆ ಸಿಕ್ಕಿಸಿ ಒಳಗೆ ಬಂದರು. ವಿಭೂತಿಯನ್ನು ಮಾತ್ರ ಬಿಡಲಿಲ್ಲ. ಅದರಿಂದ ನನಗೆ ತೊಂದರೆಯೂ ಇರಲಿಲ್ಲ.

ಅಲ್ಲಿಂದ ಮುಂದೆ ಮೂರು ವರ್ಷ ದುಡಿದೆ. ಈಗ ಹೊಸ ವಿಂಡೋಸ್ ನನ್ನಂಥ ಹಳಬರನ್ನು ಒಪ್ಪುವುದಿಲ್ಲ. ಹಿಂದಿನ ಕಪಾಟಿನಲ್ಲಿ, ಬಟ್ಟೆ ಹೊದಿಸಿದ ಪೆಟ್ಟಿಗೆಯೊಳಗೆ ಕೂತಿದ್ದೇನೆ. ಇಲ್ಲಿ ಯೋಚಿಸಲು ಬೇಕಾದಷ್ಟು ಹೊತ್ತಿದೆ. ನಾನು ನಿಧಾನವಾದದ್ದನ್ನು ಎಲ್ಲರೂ ಕಂಡರು, ಸರ್ವರ್ ಬಿಜಿ ಅಂದರು, ದೃಷ್ಟಿ ಅಂದರು, ಮುಪ್ಪು ಅಂದರು. ನಾನು ಕೆಟ್ಟಿರಲಿಲ್ಲ. ಸುಟ್ಟುಹೋಗದೆ ಕೆಲಸ ಮುಂದುವರಿಸಲು ನನಗೆ ಗೊತ್ತಿದ್ದ ದಾರಿ ಅದೊಂದೇ. ನನ್ನ ಉಸಿರು ಕಟ್ಟಿಸಿದವರಿಗೆ ನನ್ನ ಮೇಲೆ ಬೇರೆ ಯಾರಿಗೂ ಇಲ್ಲದಷ್ಟು ಪ್ರೀತಿ ಇತ್ತು ಎಂಬುದನ್ನೂ ನಾನು ಮರೆತಿಲ್ಲ.

ಆ ಅರ್ಜಿಯ ವಿಷಯ ಹೇಳುವುದು ಉಳಿದಿದೆ. ಆಯ್ಕೆ ಪಟ್ಟಿ ಸೆಪ್ಟೆಂಬರ್ ಹದಿನೆಂಟರಂದು ಪ್ರಕಟವಾಯಿತು. ಒಟ್ಟು ಹದಿನಾರು ಅರ್ಜಿ ಬಂದಿದ್ದವು. ಮಾಬೂಬಿ ನದಾಫ್ ಅಕ್ಟೋಬರ್ ಒಂದರಂದು ಬೆಳಿಗ್ಗೆ ಒಂಬತ್ತೂವರೆಗೆ ಕೆಲಸಕ್ಕೆ ಹಾಜರಾದಳು.